ಗುರುಗಳಿಲ್ಲದ ದೇವಾಲಯ, ಬಾಗಿಲು ಮುಚ್ಚಿದ ನಾಡು

ಸಿಂಧನೂರಿನಲ್ಲಿ ಬಸ್ಸು ಹತ್ತಿದ ಪ್ರವಾಸಿಯು ಮಸ್ಕಿಯಲ್ಲಿಳಿದು ಅಶೋಕನ ಶಾಸನವನ್ನು ಕಂಡು, ಲಿಂಗಸೂಗೂರಿನ ಮೇಲೆ ಮುದಗಲ್ಲಿಗೆ ಬಂದು, ಅಲ್ಲಿನ ಕೋಟೆಯನ್ನೂ ನಮ್ಮ ಪುರಾತನ ಧರ್ಮಕೇಂದ್ರವನ್ನೂ ಸಂದರ್ಶಿಸಬಹುದು. ದಾರಿಯಲ್ಲಿ ಯಾರೊಡನೆ ಮಾತನಾಡಿದನೆಂದು ಅವನನ್ನು ಕೇಳುವವರಿಲ್ಲ. ಉತ್ತರ ಕೊರಿಯದಲ್ಲಿ ಹಾಗಲ್ಲ. ಅಲ್ಲಿ ವಿದೇಶೀ ಪ್ರವಾಸಿಯ ಜೊತೆ ಸರ್ಕಾರಿ ಮಾರ್ಗದರ್ಶಕರು ಸದಾ ಇರುತ್ತಾರೆ. ಅವರಿಲ್ಲದೆ ವಸತಿಗೃಹದಿಂದ ಊರೊಳಗೆ ಕಾಲಿಡುವಂತಿಲ್ಲ. ಅನೇಕ ಪ್ರವಾಸಿಗಳನ್ನು ಇಳಿಸುವ ಯಾಂಗಕ್‌ಡೊ ಹೋಟೆಲಂತೂ ನದಿಯ ನಡುವಿನ ದ್ವೀಪದಲ್ಲಿದೆ!

ರಾಜಧಾನಿ ಪ್ಯೊಂಗ್ಯಾಂಗಿನಲ್ಲಿ ಒಂದು ಕಥೋಲಿಕ ದೇವಾಲಯವಿದೆಯೆಂದರೆ ಓದುಗರಿಗೆ ಆಶ್ಚರ್ಯವಾದೀತು. 1988ರಲ್ಲಿ ಕಟ್ಟಿದ ಚಾಂಗ್‌ಚುಂಗ್ ದೇವಾಲಯವದು. ಅಲ್ಲಿ ನೆಲೆಸಿದ ಧರ್ಮಗುರುಗಳಿಲ್ಲ. ಶ್ರೀಸಾಮಾನ್ಯರೇ ಪ್ರಾರ್ಥನೆಯನ್ನು ನಡೆಸುತ್ತಾರೆ. ನಮ್ಮ ಹಳ್ಳಿಗಳ ಉಪಕೇಂದ್ರಗಳಿಗೂ ಗುರುಗಳು ಸರದಿಯ ಮೇಲೆ ಬರುವುದುಂಟು, ಆದರೆ ಬರುತ್ತಾರೆ. ಅಲ್ಲಿ ಹೊರನಾಡಿನ ಗುರುಗಳೊಬ್ಬರಿಗೆ ಪ್ರವೇಶ ದೊರೆತಾಗ ಮಾತ್ರ ಬಲಿಪೂಜೆ. ಪ್ಯೊಂಗ್ಯಾಂಗಿನ ಧರ್ಮಾಧ್ಯಕ್ಷ ಫ್ರಾನ್ಸಿಸ್ ಹಾಂಗ್ ಯಾಂಗ್-ಹೊ ಅವರನ್ನು 1949ರಲ್ಲಿ ಬಂಧಿಸಲಾಯಿತು. ಆಮೇಲೆ ಅವರ ಸುಳಿವಿಲ್ಲ. ಆದರೂ ಪವಿತ್ರ ಪೀಠವು 2013ರವರೆಗೆ ಅವರ ಹೆಸರನ್ನು ತನ್ನ ವಾರ್ಷಿಕ ಗ್ರಂಥದಲ್ಲಿ ಉಳಿಸಿಕೊಂಡಿತ್ತು.

ಆ ದೇವಾಲಯದಲ್ಲಿ ಕಾಣುವವರು ನಿಜವಾದ ವಿಶ್ವಾಸಿಗಳೋ, ಪ್ರವಾಸಿಗಳಿಗೆಂದು ಕೂರಿಸಿದವರೋ ಎಂದು ಹಲವರು ಶಂಕಿಸಿದ್ದಾರೆ. ಹೃದಯವನ್ನು ಬಲ್ಲವನು ದೇವರೊಬ್ಬನೇ. ಒಂದು ಗಂಟೆಯ ಭೇಟಿಯಿಂದ ತೀರ್ಪು ಹೇಳುವುದು ನಮಗೆ ಸರಿಕಾಣದು.

ನಮ್ಮನ್ನು ಹೆಚ್ಚು ಕಾಡುವುದು ಬೇರೆ ಪ್ರಶ್ನೆ. ಪ್ರವಾಸಿಯನ್ನು ಮಾನ್ಸು ಗುಡ್ಡಕ್ಕೆ ಕರೆದೊಯ್ದು, ಕಿಮ್ ಇಲ್-ಸುಂಗ್ ಮತ್ತು ಕಿಮ್ ಜಾಂಗ್-ಇಲ್ ಅವರ ಬೃಹತ್ ಕಂಚಿನ ಪ್ರತಿಮೆಗಳ ಮುಂದೆ ತಲೆಬಾಗಿಸುವ ಪದ್ಧತಿಯಿದೆ. ಕೊರಿಯದ ಧರ್ಮಸಭೆಯಾದರೋ ಯಾವ ಮಿಷನರಿಯೂ ಕಾಲಿಡುವ ಮೊದಲೇ, 1784ರಲ್ಲಿ ಬೀಜಿಂಗಿನಲ್ಲಿ ಜ್ಞಾನಸ್ನಾನ ಪಡೆದು ಮರಳಿದ ಯಿ ಸುಂಗ್-ಹುನ್ ಎಂಬ ಶ್ರೀಸಾಮಾನ್ಯನಿಂದ ಆರಂಭವಾದುದು. ಪಿತೃಫಲಕಗಳನ್ನು ಸುಟ್ಟು, ತಾಯಿಯ ಉತ್ತರಕ್ರಿಯೆಯಲ್ಲಿ ಅವುಗಳಿಗೆ ಪೂಜೆ ಸಲ್ಲಿಸದ ಪಾಲ್ ಯುನ್ ಜಿ-ಚುಂಗ್ 1791ರಲ್ಲಿ ಶಿರಚ್ಛೇದಕ್ಕೆ ಗುರಿಯಾದರು. ಪಿತೃಗಳಿಗೆ ಸಲ್ಲಿಸುವ ಗೌರವವು ಲೌಕಿಕ ಮರ್ಯಾದೆಯೆಂದು ಧರ್ಮಸಭೆಯೇ 1939ರಲ್ಲಿ ಒಪ್ಪಿತೆಂಬುದೂ ನಿಜ. ಆದರೆ ಹೆತ್ತವರ ನೆನಪು ಬೇರೆ, ಆಳುವವರ ಪ್ರತಿಮೆ ಬೇರೆ. ಬಾಗಲು ಮನಸ್ಸೊಪ್ಪದವರು ಆ ಪ್ರವಾಸಕ್ಕೆ ಹೋಗದಿರುವುದೇ ಲೇಸೆಂದು ನಮ್ಮ ಅಭಿಪ್ರಾಯ. ಅಲ್ಲಿ ಹೋಗಿ ಹಟ ಹಿಡಿದರೆ ತೊಂದರೆಗೊಳಗಾಗುವವರು ಪಾಪದ ಮಾರ್ಗದರ್ಶಕರು.

ಹೋಗುವುದೂ ಈಗ ಸುಲಭವಲ್ಲ. 2020ರ ಜನವರಿಯಲ್ಲಿ ಕೊರೋನಾ ನಿಮಿತ್ತ ಗಡಿ ಮುಚ್ಚಿತು. 2024ರಲ್ಲಿ ರಷ್ಯನ್ ಪ್ರವಾಸಿಗಳಿಗೆ ತೆರೆಯಿತು; 2025ರ ಆರಂಭದಲ್ಲಿ ರಾಸೋನ್ ಪ್ರದೇಶಕ್ಕೆ ಪಾಶ್ಚಾತ್ಯರನ್ನು ಬಿಟ್ಟು, ಕೆಲವೇ ವಾರಗಳಲ್ಲಿ ಮತ್ತೆ ತಡೆಯಿತು.

ಗಡಿಯ ಈಚೆಗಾದರೆ ನಮ್ಮ ಯುವಜನರು ಹೋಗಬಹುದು. 2027ರ ಆಗಸ್ಟ್‌ನ ವಿಶ್ವ ಯುವಜನ ದಿನಾಚರಣೆಯನ್ನು ದಕ್ಷಿಣದ ಸಿಯೋಲ್ ನಗರದಲ್ಲಿ ನಿಗದಿಪಡಿಸಲಾಗಿದೆ. 1953ರಲ್ಲಿ ಯುದ್ಧಕೈದಿಗಳ ವಿಲೇವಾರಿಗಾಗಿ ನೇಮಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು. ಆ ಗಡಿಯು ಸಿಯೋಲ್‌ನಿಂದ ದೂರವೇನಲ್ಲ. ಗಡಿಯ ಸಮೀಪ, ಪಾಜು ಎಂಬಲ್ಲಿ, ಪಶ್ಚಾತ್ತಾಪ ಮತ್ತು ಪ್ರಾಯಶ್ಚಿತ್ತಕ್ಕೆ ಮೀಸಲಾದ ದೇವಾಲಯವೊಂದಿದೆ. ಉತ್ತರದಲ್ಲಿ ಇಲ್ಲವಾದ ಸಿನುಯಿಜು ದೇವಾಲಯವನ್ನು ಅದರ ಹೊರಭಾಗವೂ, ಟೋಕ್‌ವೊನ್ ಮಠದ ದೇವಾಲಯವನ್ನು ಅದರ ಒಳಭಾಗವೂ ಹೋಲುತ್ತವೆ.