ಸರ್ಗೋಧಾದಿಂದ ವಾಪಸ್ ಬಾರದ ಪೈಲಟ್: ಅಜ್ಜಮಾಡ ದೇವಯ್ಯ

 

ಮಡಿಕೇರಿಗೆ ಟ್ರಿಪ್ ಹೋದವರಿಗೆ ಹಳೇ ಖಾಸಗಿ ಬಸ್ ನಿಲ್ದಾಣದ ಹತ್ತಿರದ ಒಂದು ವೃತ್ತ ನೆನಪಿರಬಹುದು. ಅದಕ್ಕೆ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಹೆಸರಿದೆ. ಕಾಲೇಜಿನ ದಿನಗಳಲ್ಲಿ ನಾನು ಆ ಹೆಸರಿನ ಕೆಳಗೇ ನಿಂತು, ರಾಜಾಸೀಟ್‌ಗೆ ದಾರಿ ಯಾವ ಕಡೆ ಅಂತ ಮೊಬೈಲಲ್ಲಿ ಹುಡುಕಿದ್ದೆ. ಹೆಸರು ಯಾರದ್ದು ಅಂತ ಹುಡುಕಿರಲಿಲ್ಲ. ಹುಡುಕೋಕೆ ಒಂದು ಹಿಂದಿ ಸಿನಿಮಾ ಬರಬೇಕಾಯ್ತು: 2025ರ ಜನವರಿಯಲ್ಲಿ ತೆರೆಕಂಡ 'ಸ್ಕೈ ಫೋರ್ಸ್'. ಅದರಲ್ಲಿ ಕಾಣೆಯಾಗುವ ಯುವ ಪೈಲಟ್ ಪಾತ್ರಕ್ಕೆ ಸ್ಫೂರ್ತಿ ದೇವಯ್ಯ. ಆದರೆ ಪಾತ್ರದ ಹೆಸರು ಬೇರೆ. ಕೊಡಗಿನಲ್ಲಿ ಇದಕ್ಕೆ ಬೇಸರ ಆಗಿತ್ತು. ಯಾಕೆ ಅಂತ ಅರ್ಥ ಆಗಬೇಕಾದ್ರೆ ಮೊದಲು ಅವರ ಹೆಸರನ್ನೇ ಬಿಡಿಸಿ ನೋಡಬೇಕು.

ಅಜ್ಜಮಾಡ ಬೊಪ್ಪಯ್ಯ ದೇವಯ್ಯ. ಇದರಲ್ಲಿ 'ಅಜ್ಜಮಾಡ' ಅನ್ನೋದು ಒಕ್ಕದ ಹೆಸರು. ಒಕ್ಕ ಅಂದ್ರೆ ಕೊಡವರ ಕೂಡು ಮನೆತನ: ಒಬ್ಬ ಹಿರಿಯನಿಂದ ಇಳಿದು ಬಂದ ಎಲ್ಲರೂ ಸೇರಿ ಒಂದೇ ಮನೆ. 'ಬೊಪ್ಪಯ್ಯ' ತಂದೆಯ ಹೆಸರು, ಅವರು ಡಾಕ್ಟರ್. ಕೊನೆಗೆ 'ದೇವಯ್ಯ'. ಅಂದ್ರೆ ಒಬ್ಬ ಕೊಡವ ತನ್ನ ಹೆಸರು ಹೇಳಿದ ಕೂಡಲೇ ಎದುರಿನವರಿಗೆ ಅವನ ಮನೆ ಯಾವುದು ಅಂತ ಗೊತ್ತಾಗುತ್ತೆ. ಹೆಸರು ಬದಲಾಯಿಸಿದ್ರೆ ಆ ಮನೆಯೇ ಕಥೆಯಿಂದ ಹೊರಗೆ ಹೋಗುತ್ತೆ.

ದೇವಯ್ಯ ಹುಟ್ಟಿದ್ದು 1932ರ ಡಿಸೆಂಬರ್ 24ರಂದು. ಕಾರ್ಯಪ್ಪ, ತಿಮ್ಮಯ್ಯ ಥರದ ಜನರಲ್‌ಗಳನ್ನು ಕೊಟ್ಟ ಜಿಲ್ಲೆಯಲ್ಲಿ ಸೈನ್ಯಕ್ಕೆ ಹೋಗೋದು ಹೊಸ ವಿಷಯ ಆಗಿರಲಿಲ್ಲ. ಈ ಹುಡುಗ ಮಾತ್ರ ಆಕಾಶದ ದಾರಿ ಹಿಡಿದರು. 1954ರಲ್ಲಿ ವಾಯುಪಡೆಗೆ ಪೈಲಟ್ ಆಗಿ ಸೇರಿದರು. ಜೊತೆಯವರು ಪ್ರೀತಿಯಿಂದ 'ಟಬ್ಬಿ' ಅಂತ ಕರೀತಿದ್ರು, ಗುಂಡು ಗುಂಡಗಿರೋರಿಗೆ ಇಡೋ ಹೆಸರು. ಯುದ್ಧ ಶುರುವಾಗುವ ಹೊತ್ತಿಗೆ ಅವರು ಹೊಸಬರಿಗೆ ವಿಮಾನ ಹಾರಿಸೋದು ಕಲಿಸುವ ಇನ್‌ಸ್ಟ್ರಕ್ಟರ್. ಅಲ್ಲಿಂದ ಅವರನ್ನು ನಂಬರ್ 1 ಸ್ಕ್ವಾಡ್ರನ್‌ಗೆ ಕಳಿಸಿದರು. ಟೈಗರ್ಸ್ ಅಂತ ಹೆಸರಾದ ತುಕಡಿ ಅದು, ಅವರ ವಿಮಾನ ಫ್ರಾನ್ಸಿನ ಮಿಸ್ಟೇರ್.

1965ರ ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ಸೇಬರ್ ವಿಮಾನಗಳು ಪಠಾಣ್‌ಕೋಟ್ ನೆಲೆ ಮೇಲೆ ದಾಳಿ ಮಾಡಿ, ನಿಂತಿದ್ದ ನಮ್ಮ ವಿಮಾನಗಳನ್ನು ನೆಲದ ಮೇಲೇ ನಾಶ ಮಾಡಿದವು. ಮರುದಿನ ಬೆಳಗಾಗೋ ಮುಂಚೆ ಪಂಜಾಬಿನ ಆದಂಪುರದಿಂದ ಮಿಸ್ಟೇರ್‌ಗಳು ಎದ್ದವು. ಗುರಿ ಪಾಕಿಸ್ತಾನದ ಸರ್ಗೋಧಾ, ಅವರ ಅತಿ ಮುಖ್ಯ ವಾಯುನೆಲೆ. ನಾಯಕತ್ವ ವಿಂಗ್ ಕಮಾಂಡರ್ ಓ.ಪಿ. ತನೇಜಾ ಅವರದ್ದು. ಇಲ್ಲಿ ಒಂದು ವಿಷಯ ಗಮನಿಸಿ: ದೇವಯ್ಯ ಆ ದಾಳಿಯ ಪಟ್ಟಿಯಲ್ಲಿ ಇರಲೇ ಇಲ್ಲ, ಅವರು ಸ್ಟ್ಯಾಂಡ್‌ಬೈ. ಯಾರದ್ದಾದರೂ ವಿಮಾನ ಕೈಕೊಟ್ಟರೆ ಮಾತ್ರ ಅವರ ಸರದಿ. ಒಂದು ವಿಮಾನ ಹಿಂದೆ ಸರಿಯಿತು, ಇವರು ಆ ಜಾಗಕ್ಕೆ ಸೇರಿಕೊಂಡರು.

ದಾಳಿ ಮುಗಿಸಿ ಉಳಿದವರು ವಾಪಸ್ ಬಂದರು. ದೇವಯ್ಯ ಬರಲಿಲ್ಲ. ಏನಾಯ್ತು ಅಂತ ನೋಡಿದವರು ಯಾರೂ ಇಲ್ಲ. ಮೊದಲು 'ಕಾಣೆಯಾಗಿದ್ದಾರೆ' ಅಂತ ದಾಖಲಾಯ್ತು, ಆಮೇಲೆ ಮೃತರು ಅಂತ ಘೋಷಣೆ. 32 ವರ್ಷ ವಯಸ್ಸು. ನನಗಿಂತ ನಾಲ್ಕೈದು ವರ್ಷ ದೊಡ್ಡವರು ಅಷ್ಟೇ. ಸತ್ತರು ಅಂದ್ರೆ ಅಳಬಹುದು, ತಿಥಿ ಮಾಡಬಹುದು. ಕಾಣೆ ಅಂದ್ರೆ ಮನೆಯವರು ಏನು ಮಾಡಬೇಕು?

ಇನ್ನೊಂದು ಕಡೆ, ಪಾಕಿಸ್ತಾನದವರಿಗೆ ಅದೇ ಬೆಳಗ್ಗೆ ಒಂದು ದೊಡ್ಡ ನಷ್ಟ ಆಗಿತ್ತು. ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಹಾರಿಸುತ್ತಿದ್ದ ಸ್ಟಾರ್‌ಫೈಟರ್ ಉರುಳಿಬಿದ್ದಿತ್ತು. ಅಮೆರಿಕ ಕೊಟ್ಟ ವಿಮಾನ, ಶಬ್ದದ ಎರಡು ಪಟ್ಟು ವೇಗ. ನಮ್ಮ ಮಿಸ್ಟೇರ್ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೇ ದಾಟುತ್ತಿರಲಿಲ್ಲ. ಸೂಪರ್‌ಬೈಕ್ ಹಿಂದೆ ಹಳೇ ಸ್ಕೂಟರ್ ಅಂದ್ಕೊಳ್ಳಿ. ಆದ್ರೆ ಸ್ಟಾರ್‌ಫೈಟರ್ ರೆಕ್ಕೆ ಬಹಳ ಗಿಡ್ಡ. ನೆಲದ ಹತ್ತಿರ, ವೇಗ ಇಳಿಸಿ, ಗಿರಕಿ ಹೊಡೆಯೋ ಕಾಳಗಕ್ಕೆ ಇಳಿದರೆ ಅದು ಸಲೀಸಾಗಿ ತಿರುಗಲ್ಲ, ಮಿಸ್ಟೇರ್ ತಿರುಗುತ್ತೆ. ಮಿಸ್ಟೇರ್‌ನಲ್ಲಿ 30 ಮಿಲಿಮೀಟರ್‌ನ ಎರಡು ಫಿರಂಗಿಗಳೂ ಇದ್ದವು.

ಇದನ್ನು ಯಾರು ಮಾಡಿದ್ದು ಅನ್ನೋದು 1979ರ ತನಕ ಭಾರತಕ್ಕೆ ಗೊತ್ತಿರಲಿಲ್ಲ. ಆ ವರ್ಷ ಜಾನ್ ಫ್ರಿಕರ್ ಅನ್ನೋ ಬ್ರಿಟಿಷ್ ಬರಹಗಾರ ಪಾಕಿಸ್ತಾನ ವಾಯುಪಡೆಯ ಸಹಕಾರದಿಂದ ಬರೆದ ಪುಸ್ತಕ ಬಂತು. ಅದರ ಪ್ರಕಾರ ಅಮ್ಜದ್ ಒಂದು ಮಿಸ್ಟೇರ್‌ಗೆ ಹೊಡೆದರು, ಅದರ ಕಥೆ ಮುಗೀತು ಅಂದುಕೊಂಡರು. ಆಮೇಲೆ ಒಂದು ಮಿಸ್ಟೇರ್ ಜೊತೆ ಕಾಳಗ ಆಯ್ತು, ಅದರ ಗುಂಡು ತಗುಲಿ ಅವರು ಪ್ಯಾರಾಚೂಟ್‌ನಲ್ಲಿ ಹಾರಿ ಬದುಕಿಕೊಂಡರು.

ಬಿ.ಕಾಂ. ಮಾಡಿದವರಿಗೆ ಬ್ಯಾಂಕ್ ರೀಕನ್ಸಿಲಿಯೇಷನ್ ನೆನಪಿದೆಯಾ? ನಮ್ಮ ಪುಸ್ತಕದ ಲೆಕ್ಕ, ಬ್ಯಾಂಕಿನ ಲೆಕ್ಕ ಅಕ್ಕಪಕ್ಕ ಇಟ್ಟು ತಾಳೆ ನೋಡೋದು. ಇಲ್ಲೂ ಅದೇ ಕೆಲಸ. ಅವರ ಲೆಕ್ಕದಲ್ಲಿ ಎರಡು ಮಿಸ್ಟೇರ್. ನಮ್ಮ ಲೆಕ್ಕದಲ್ಲಿ ಆ ಮೊದಲ ದಾಳಿಯಲ್ಲಿ ವಾಪಸ್ ಬಾರದ ಮಿಸ್ಟೇರ್ ಒಂದೇ ಒಂದು. ವಾಪಸ್ ಬಂದವರಲ್ಲಿ ಯಾರೂ ಸ್ಟಾರ್‌ಫೈಟರ್ ಹೊಡೆದೆ ಅಂತ ಹೇಳಿರಲಿಲ್ಲ. ಹಾಗಾದ್ರೆ ಉಳಿದಿದ್ದು ಒಂದೇ ಉತ್ತರ: ಆ ಎರಡು ಮಿಸ್ಟೇರ್‌ಗಳೂ ಒಂದೇ. ಮುಗೀತು ಅಂತ ಅಮ್ಜದ್ ಬಿಟ್ಟುಹೋದ ವಿಮಾನ, ಏಟು ತಿಂದ ಮೇಲೂ ಅವರ ಮೇಲೆ ತಿರುಗಿ ಬಿದ್ದಿತ್ತು.

ನನಗೆ ಇಲ್ಲೇ ಎದೆ ಝಲ್ ಅನ್ನೋದು. ಮಿಸ್ಟೇರ್‌ಗೆ ಸರ್ಗೋಧಾ ಅಂದ್ರೆ ಇಂಧನದ ಕೊನೇ ಅಂಚು, ಹೋಗಿ ಬರೋಕಷ್ಟೇ ಸಾಕು. ಕಾಳಗಕ್ಕೆ ತಿರುಗಿ ನಿಂತರೆ ಮನೆಗೆ ವಾಪಸ್ ಬರೋದು ಹೆಚ್ಚುಕಮ್ಮಿ ಅಸಾಧ್ಯ. ಹೊಸಬರಿಗೆ ಪಾಠ ಹೇಳಿದ ಮೇಷ್ಟ್ರಿಗೆ ಅದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದಿರಬೇಕು.

ಇನ್ನೊಂದು ವಿಚಿತ್ರ ಕೇಳಿ. ಇದೇ ಅಮ್ಜದ್ ಹುಸೇನ್ 1971ರ ಯುದ್ಧದಲ್ಲಿ ಅಮೃತಸರದ ಹತ್ತಿರ ನಮ್ಮ ವಿಮಾನನಿರೋಧಕ ಫಿರಂಗಿಗೆ ಸಿಕ್ಕಿ ಯುದ್ಧಕೈದಿಯಾದರು. ದೇವಯ್ಯ ಅವರ ಕೊನೆ ಕ್ಷಣಗಳನ್ನು ಕಣ್ಣಾರೆ ಕಂಡ ಏಕೈಕ ಪೈಲಟ್ ನಮ್ಮ ದೇಶದಲ್ಲೇ, ನಮ್ಮ ವಶದಲ್ಲೇ ಇದ್ದರು. ಆದರೂ ಸತ್ಯ ಹೊರಬರೋಕೆ ಇನ್ನೂ ಎಂಟು ವರ್ಷ ಹಿಡೀತು.

ಪುಸ್ತಕ ಬಂದ ಮೇಲೂ ಕೆಲಸ ಬೇಗ ಆಗಲಿಲ್ಲ. ಅಂದು ದಾಳಿ ಮುನ್ನಡೆಸಿದ್ದ ತನೇಜಾ ಅವರೇ ನಿವೃತ್ತಿಯ ನಂತರ ವಾಯುಪಡೆಯ ಮುಖ್ಯ ಕಚೇರಿಗೆ ಬರೆದು, ತಮ್ಮ ಅಧಿಕಾರಿಗೆ ಗೌರವ ಸಲ್ಲಬೇಕು ಅಂತ ಶಿಫಾರಸು ಮಾಡಿದರು. 1988ರಲ್ಲಿ, ಅಂದ್ರೆ 23 ವರ್ಷದ ನಂತರ, ಮಹಾವೀರ ಚಕ್ರ ಬಂತು. ಯುದ್ಧಕಾಲದ ಶೌರ್ಯಕ್ಕೆ ಪರಮವೀರ ಚಕ್ರದ ನಂತರದ ಸ್ಥಾನ ಅದಕ್ಕೆ. ಪದಕ ಸ್ವೀಕರಿಸಿದ್ದು ಅವರ ಪತ್ನಿ. ಶರೀರ ಮಾತ್ರ ಊರಿಗೆ ಬರಲೇ ಇಲ್ಲ. ಸರ್ಗೋಧಾದಿಂದ ಹೆಚ್ಚು ದೂರವಿಲ್ಲದ ಹೊಲವೊಂದರಲ್ಲಿ ಅದು ಸಿಕ್ಕಿತ್ತು, ಅಲ್ಲಿನ ಹಳ್ಳಿಯವರೇ ಮಣ್ಣು ಮಾಡಿದ್ದರು.

ಮುಂದಿನ ಎಪಿಸೋಡ್‌ನಲ್ಲಿ ಇದೇ ಯುದ್ಧದ, ಇದೇ ಕೊಡಗಿನ ಇನ್ನೊಬ್ಬ ಪೈಲಟ್: 1965ರ ಸೆಪ್ಟೆಂಬರ್ 22ರಂದು ಹಂಟರ್ ವಿಮಾನ ಉರುಳಿ ಪಾಕಿಸ್ತಾನದ ಕೈಗೆ ಸಿಕ್ಕ ಕೆ.ಸಿ. ಕಾರ್ಯಪ್ಪ. ಹೌದು, ಜನರಲ್ ಕಾರ್ಯಪ್ಪ ಅವರ ಮಗ. ಅವರು ವಾಪಸ್ ಬಂದರು.