ನಟನೆ ಕಲಿಯಲು ಎಲ್ಲಿಗೆ ಹೋಗಬೇಕು? ಧಾರಾಪುರಂ ಭಾಗದ ಕನ್ನಡ ಮನೆಗಳಿಗೆ ಒಂದು ಸಮಾಲೋಚನೆ

ಹನ್ನೆರಡನೆಯ ತರಗತಿಯ ಫಲಿತಾಂಶ ಹೊರಬಿದ್ದ ವಾರದಲ್ಲಿ ಅಮರಾವತಿ ದಂಡೆಯ ನಮ್ಮ ಮನೆಗಳಲ್ಲಿ ನಡೆಯುವ ಚರ್ಚೆ ಹೆಚ್ಚುಕಡಿಮೆ ಒಂದೇ ಬಗೆಯದು. ಇಂಜಿನಿಯರಿಂಗ್ ಓದುವುದೋ, ಬಿ.ಕಾಂ. ಸೇರುವುದೋ, ತಿರುಪ್ಪೂರಿನ ಬನಿಯನ್ ಕಂಪೆನಿಯಲ್ಲಿ ಕೆಲಸ ಹಿಡಿಯುವುದೋ ಎಂಬ ಮೂರು ದಾರಿಗಳ ನಡುವೆಯೇ ಮಾತು ಸುತ್ತುತ್ತದೆ. ಇವುಗಳ ನಡುವೆ ಮಗನೋ ಮಗಳೋ ‘ನಾನು ನಟನೆ ಕಲಿಯಬೇಕು’ ಎಂದರೆ ಮನೆಯವರಿಗೆ ಮೊದಲು ನೆನಪಾಗುವುದು ಕೋಡಂಬಾಕ್ಕಂ, ಆಮೇಲೆ ಅಲ್ಲಿ ಕಾದು ಕಾದು ಹಿಂತಿರುಗಿದವರ ಕಥೆಗಳು. ನಟನೆಗೂ ಶಾಲೆಗಳಿವೆ, ಪಠ್ಯಕ್ರಮವಿದೆ, ಪ್ರವೇಶ ಪರೀಕ್ಷೆಯಿದೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ನಟನೆ ಕಲಿಯುವುದು ಸರಿಯೋ ತಪ್ಪೋ ಎಂಬ ವಾದವನ್ನು ಈ ಲೇಖನ ಕೈಗೆತ್ತಿಕೊಳ್ಳುವುದಿಲ್ಲ. ಕಲಿಯಬೇಕೆಂದು ನಿಶ್ಚಯಿಸಿದ ಮೇಲೆ ಎಲ್ಲಿ, ಯಾವ ಕ್ರಮದಲ್ಲಿ, ಯಾವ ಎಚ್ಚರದಿಂದ ಕಲಿಯಬೇಕು ಎಂಬುದಷ್ಟೇ ಇಲ್ಲಿಯ ವಿಷಯ.

ನಟನೆ ನಮ್ಮ ಭಾಗಕ್ಕೆ ಹೊಸದೇನಲ್ಲ. ಡಾ. ರಾಜ್‌ಕುಮಾರರ ಗಾಜನೂರು ಇಂದಿಗೂ ತಮಿಳುನಾಡಿನ ತಾಳವಾಡಿ ಸೀಮೆಯಲ್ಲಿದೆ. ಅವರು ಹುಟ್ಟಿದ 1929ರಲ್ಲಿ ಆ ಸೀಮೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಕೊಳ್ಳೇಗಾಲವೂ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಇದೇ ಜಿಲ್ಲೆಯ ತಾಲ್ಲೂಕು. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರೇ ರಂಗನಟರು. ಮಗನಿಗೆ ಗುಬ್ಬಿ ವೀರಣ್ಣನವರ ನಾಟಕ ಕಂಪೆನಿಯೇ ವಿದ್ಯಾಲಯವಾಯಿತು. 1954ರಲ್ಲಿ ‘ಬೇಡರ ಕಣ್ಣಪ್ಪ’ ತೆರೆಗೆ ಬರುವ ಹೊತ್ತಿಗೆ ಅವರು ಹಲವು ವರ್ಷಗಳ ಪಾಠ ಮುಗಿಸಿದ್ದರು. ಆ ಶಾಲೆಯಲ್ಲಿ ಶುಲ್ಕವಿರಲಿಲ್ಲ, ಪ್ರಮಾಣಪತ್ರವೂ ಇರಲಿಲ್ಲ. ದಿನರಾತ್ರಿಯ ದುಡಿಮೆಯೇ ಶುಲ್ಕ, ಪ್ರೇಕ್ಷಕರ ಚಪ್ಪಾಳೆಯೇ ಪ್ರಮಾಣಪತ್ರ. ಇಂದು ಅಂಥ ಕಂಪೆನಿಗಳು ವಿರಳ. ಅವುಗಳ ಸ್ಥಾನಕ್ಕೆ ರಂಗಶಾಲೆಗಳು ಬಂದಿವೆ. ಆದ್ದರಿಂದ ಶಾಲೆಯ ಆಯ್ಕೆಯೇ ಈಗ ಮುಖ್ಯವಾಗಿದೆ.

ಹೊರದೇಶಕ್ಕೆ ಓದಲು ಹೋಗುವವನನ್ನು ಪರದೇಶಿ ವಿದ್ಯಾರ್ಥಿ ಎನ್ನುತ್ತಾರೆ. ಧಾರಾಪುರಂನ ಕನ್ನಡ ಮನೆಯ ವಿದ್ಯಾರ್ಥಿಯಾದರೋ ಎತ್ತ ಹೊರಟರೂ ಅರೆಪರದೇಶಿಯೇ. ಬೆಂಗಳೂರಿಗೆ ಹೋದರೆ ಅವನು ತಮಿಳುನಾಡಿನವನು. ಚೆನ್ನೈಗೆ ಹೋದರೆ ಮನೆಮಾತು ಬೇರೆಯಾದವನು. ದಿಲ್ಲಿಗೆ ಹೋದರೆ ಹಿಂದಿ ಬಾರದವನು. ಈ ಪರಕೀಯತೆ ಮೂರು ರೂಪಗಳಲ್ಲಿ ಎದುರಾಗುತ್ತದೆ: ಭಾಷೆ, ಕಾನೂನು ಮತ್ತು ಹಣ. ಮೂರನ್ನೂ ಬೇರೆಬೇರೆಯಾಗಿ ತೂಗಿ ನೋಡಬೇಕು.

ಮೊದಲು ಭಾಷೆ. ಇಂಜಿನಿಯರಿಂಗ್ ವಿದ್ಯಾರ್ಥಿಗೆ ಭಾಷೆ ಪಾಠವನ್ನು ತಿಳಿಯುವ ಸಾಧನ ಮಾತ್ರ. ನಟನಿಗೆ ಅದೇ ಉಪಕರಣ; ಮಗ್ಗದವನಿಗೆ ಲಾಳಿ ಇದ್ದಂತೆ. ನಮ್ಮ ದೇವಾಂಗ, ಒಕ್ಕಲಿಗ, ಕುರುಬ ಮನೆಗಳಲ್ಲಿ ಕನ್ನಡ ನಾಲಗೆಯ ಮೇಲೆ ಉಳಿದಿದೆ, ಅಕ್ಷರದಲ್ಲಿ ಉಳಿದಿರುವುದು ಕಡಿಮೆ. 2006ರ ತಮಿಳು ಕಲಿಕೆ ಕಾಯ್ದೆಯ ನಂತರ ಶಾಲೆಗಳಲ್ಲಿ ತಮಿಳು ಹಂತಹಂತವಾಗಿ ಕಡ್ಡಾಯವಾಗಿದೆ. ಹಾಗಾಗಿ ಕನ್ನಡ ಮಾತಾಡಬಲ್ಲ, ಆದರೆ ಕನ್ನಡ ನಾಟಕವೊಂದನ್ನು ನಿರರ್ಗಳವಾಗಿ ಓದಲಾರದ ಮಕ್ಕಳೇ ಹೆಚ್ಚು. ಇದು ಕೊರತೆ ಹೌದು. ಆದರೆ ಆರು ತಿಂಗಳ ಶ್ರಮದಿಂದ ತುಂಬಿಕೊಳ್ಳಬಹುದಾದ ಕೊರತೆ. ನಾಲಗೆಯ ಮೇಲಿರುವ ಭಾಷೆಗೆ ಅಕ್ಷರ ಕಲಿಯುವುದು ಸುಲಭ. ಅಕ್ಷರದಿಂದ ನಾಲಗೆಗೆ ಭಾಷೆ ತರುವುದೇ ಕಷ್ಟ. ಇನ್ನು ನಮ್ಮ ಮನೆಗನ್ನಡದ ಉಚ್ಚಾರ ಮೈಸೂರಿನ ಉಚ್ಚಾರದಂತಿಲ್ಲವೆಂದು ಸಂಕೋಚಪಡುವ ಅಗತ್ಯವಿಲ್ಲ. ಧಾರವಾಡದವರೂ ಮಂಗಳೂರಿನವರೂ ತಮ್ಮತಮ್ಮ ಕನ್ನಡದೊಂದಿಗೇ ರಂಗಕ್ಕೆ ಬಂದವರು.

ಕನ್ನಡದಲ್ಲಿಯೇ ಕಲಿಸುವ ಶಾಲೆಗಳಲ್ಲಿ ಮೊದಲು ಹೆಸರಿಸಬೇಕಾದದ್ದು ಹೆಗ್ಗೋಡಿನ ನೀನಾಸಮ್ ರಂಗಶಿಕ್ಷಣ ಕೇಂದ್ರ. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಈ ಹಳ್ಳಿಯಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ ಸಂಸ್ಥೆಯನ್ನು ಕೆ. ವಿ. ಸುಬ್ಬಣ್ಣನವರು ಬೆಳೆಸಿದರು, ಆ ಸಾಧನೆಗಾಗಿ 1991ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ರಂಗಶಿಕ್ಷಣ ಕೇಂದ್ರ ಆರಂಭವಾದದ್ದು 1980ರಲ್ಲಿ. ಇಲ್ಲಿಯದು ಒಂದು ಶೈಕ್ಷಣಿಕ ವರ್ಷದ ವಸತಿಸಹಿತ ಶಿಕ್ಷಣ. ಅಭಿನಯದ ಜೊತೆಗೆ ರಂಗಸಜ್ಜಿಕೆ, ಬೆಳಕು, ಪ್ರಸಾಧನ, ನಾಟಕಸಾಹಿತ್ಯ ಎಲ್ಲವನ್ನೂ ವಿದ್ಯಾರ್ಥಿಯೇ ಕೈಯಾರೆ ಮಾಡಿ ಕಲಿಯಬೇಕು. 1985ರಿಂದ ನಡೆದಿರುವ ‘ತಿರುಗಾಟ’ ತಂಡ ಇಲ್ಲಿ ಕಲಿತವರಲ್ಲಿ ಕೆಲವರಿಗೆ ಊರೂರು ಸುತ್ತಿ ನಾಟಕವಾಡುವ ಅವಕಾಶ ನೀಡುತ್ತದೆ. ನಗರದ ಗದ್ದಲವಿಲ್ಲದ ಊರು. ಗಮನ ಬೇರೆಡೆಗೆ ಹರಿಯಲು ಆಸ್ಪದವೇ ಇಲ್ಲ.

ಎರಡನೆಯದು ಮೈಸೂರಿನ ರಂಗಾಯಣ. ಬಿ. ವಿ. ಕಾರಂತರ ನೇತೃತ್ವದಲ್ಲಿ 1989ರಲ್ಲಿ ಕರ್ನಾಟಕ ಸರ್ಕಾರ ಸ್ಥಾಪಿಸಿದ ಈ ಸಂಸ್ಥೆಯ ಅಂಗವಾದ ಭಾರತೀಯ ರಂಗಶಿಕ್ಷಣ ಕೇಂದ್ರ ಒಂದು ವರ್ಷದ ಡಿಪ್ಲೊಮಾ ನಡೆಸುತ್ತದೆ. ಸತ್ಯಮಂಗಲ, ದಿಂಬಂ ಘಾಟಿ, ಚಾಮರಾಜನಗರದ ಮೂಲಕ ಹೋಗುವ ನಮಗೆ ಮೈಸೂರು ದೂರವಲ್ಲ. ಮೂರನೆಯದಾಗಿ, ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರವೂ ದಕ್ಷಿಣದ ರಾಜ್ಯಗಳ ಅಭ್ಯರ್ಥಿಗಳಿಗಾಗಿ ಒಂದು ವರ್ಷದ ಶಿಕ್ಷಣ ನಡೆಸುತ್ತಿದೆ. ತಮಿಳುನಾಡಿನ ವಿಳಾಸವುಳ್ಳ ಕನ್ನಡಿಗನಿಗೆ ಈ ಬಾಗಿಲು ವಿಶೇಷವಾಗಿ ಗಮನಾರ್ಹ.

ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯ ಮೂರು ವರ್ಷದ ಶಿಕ್ಷಣ ದೇಶದಲ್ಲೇ ಹೆಚ್ಚು ಪ್ರತಿಷ್ಠೆಯದು. 1959ರಲ್ಲಿ ಆರಂಭವಾದ ಈ ಶಾಲೆಯನ್ನು 1962ರಿಂದ 1977ರವರೆಗೆ ನಡೆಸಿದವರು ಇಬ್ರಾಹಿಂ ಅಲ್ಕಾಜಿ. ಅವರ ನಂತರ ನಿರ್ದೇಶಕರಾದವರು ನಮ್ಮ ಬಿ. ವಿ. ಕಾರಂತರು. ವರ್ಷಕ್ಕೆ ಮೂವತ್ತರ ಆಸುಪಾಸಿನಷ್ಟೇ ಸ್ಥಾನ. ಯಾವುದಾದರೂ ವಿಷಯದಲ್ಲಿ ಪದವಿ, ಕನಿಷ್ಠ 6 ನಾಟಕಗಳಲ್ಲಿ ಪಾಲ್ಗೊಂಡ ಅನುಭವ, ಹಿಂದಿ ಮತ್ತು ಇಂಗ್ಲಿಷಿನ ಕೆಲಸಕ್ಕೆ ಸಾಕಾಗುವಷ್ಟು ಜ್ಞಾನ, ಇವು ಅದರ ಷರತ್ತುಗಳು. ಆಯ್ಕೆಯಾದವರಿಗೆ ಮಾಸಿಕ ವಿದ್ಯಾರ್ಥಿವೇತನವಿದೆ. ಹನ್ನೆರಡನೆಯ ತರಗತಿ ಮುಗಿಸಿದ ಕೂಡಲೇ ದಿಲ್ಲಿಯ ಕನಸು ಕಾಣುವ ಹುಡುಗ ಈ ಷರತ್ತುಗಳನ್ನು ಎರಡು ಬಾರಿ ಓದಬೇಕು. ಪುಣೆಯ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟಿನ ತೆರೆ ಅಭಿನಯದ ಶಿಕ್ಷಣಕ್ಕೂ ಪದವಿ ಬೇಕು.

ದೂರದ ಲೆಕ್ಕದಲ್ಲಿ ನಮಗೆ ಹತ್ತಿರದ ರಂಗಶಾಲೆ ಇರುವುದು ಕೇರಳದಲ್ಲಿ. ಪಾಲಕ್ಕಾಡು ದಾಟಿದರೆ ತ್ರಿಶೂರು, ಅಲ್ಲಿ ಜಿ. ಶಂಕರ ಪಿಳ್ಳೆಯವರು 1977ರಲ್ಲಿ ಕಟ್ಟಿದ ಕಲ್ಲಿಕೋಟೆ ವಿಶ್ವವಿದ್ಯಾಲಯದ ಸ್ಕೂಲ್ ಆಫ್ ಡ್ರಾಮಾ ಇದೆ. ಪುದುಚೇರಿ ವಿಶ್ವವಿದ್ಯಾಲಯದಲ್ಲಿ ಶಂಕರದಾಸ ಸ್ವಾಮಿಗಳ ಹೆಸರಿನ ವಿಭಾಗವಿದೆ. ಚೆನ್ನೈಯಲ್ಲಿ ನ. ಮುತ್ತುಸ್ವಾಮಿಯವರು 1977ರಲ್ಲಿ ಆರಂಭಿಸಿದ ಕೂತ್ತುಪ್ಪಟ್ಟರೈ ತಮಿಳಿಗೆ ಹಲವು ಸಮರ್ಥ ನಟರನ್ನು ಕೊಟ್ಟಿದೆ. ತಮಿಳಿನಲ್ಲಿ ಓದಿ ಬೆಳೆದ ನಮ್ಮ ಮಕ್ಕಳು ಇವನ್ನು ಪರರದೆಂದು ಬದಿಗೊತ್ತಬಾರದು. ಬೆಂಗಳೂರಿನ ನಗರ ಸಾರಿಗೆಯ ಕಂಡಕ್ಟರ್ ಒಬ್ಬರು ಮದರಾಸಿನ ಅಭಿನಯ ಶಾಲೆಗೆ ಹೋಗಿ, ತಮಿಳನ್ನು ಕಲಿತು ರಜನೀಕಾಂತ್ ಆದರು. ಕನ್ನಡ ರಂಗಭೂಮಿಯಲ್ಲಿ ಪಳಗಿದ ಪ್ರಕಾಶ್ ರೈ ತಮಿಳಿನಲ್ಲಿ ಪ್ರಕಾಶ್ ರಾಜ್ ಆಗಿ, ‘ಕಾಂಚೀವರಂ’ ಚಿತ್ರದ ನೇಕಾರನ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ಅವರಿಬ್ಬರೂ ಎರಡನೆಯ ಭಾಷೆಯನ್ನು ದೊಡ್ಡವರಾದ ಮೇಲೆ ಕಲಿಯಬೇಕಾಯಿತು. ನಮ್ಮ ಮಕ್ಕಳಿಗೆ ಎರಡೂ ತೊಟ್ಟಿಲಲ್ಲೇ ಬಂದಿವೆ.

ಎರಡನೆಯ ವಿಷಯ ಕಾನೂನು. ಸಂವಿಧಾನದ 15ನೆಯ ವಿಧಿ ಜನ್ಮಸ್ಥಳದ ಆಧಾರದ ಮೇಲೆ ರಾಜ್ಯವು ಭೇದ ಮಾಡುವುದನ್ನು ನಿಷೇಧಿಸಿದೆ. ಆದರೆ ಜನ್ಮಸ್ಥಳ ಬೇರೆ, ವಾಸಸ್ಥಳ ಬೇರೆ ಎಂದು ಸರ್ವೋಚ್ಚ ನ್ಯಾಯಾಲಯ 1955ರಲ್ಲೇ ಡಿ. ಪಿ. ಜೋಶಿ ಪ್ರಕರಣದಲ್ಲಿ ಹೇಳಿತು. ಇಂದೂರಿನ ವೈದ್ಯಕೀಯ ಕಾಲೇಜಿನಲ್ಲಿ ಆ ರಾಜ್ಯದ ನಿವಾಸಿಗಳಿಗೆ ನೀಡಿದ್ದ ಶುಲ್ಕ ವಿನಾಯಿತಿಯನ್ನು ನ್ಯಾಯಾಲಯ ಎತ್ತಿಹಿಡಿಯಿತು. ಇದರ ಫಲವೇನೆಂದರೆ, ಕರ್ನಾಟಕ ಸರ್ಕಾರದ ಹಣದಿಂದ ಕೊಡುವ ವಿದ್ಯಾರ್ಥಿವೇತನಕ್ಕೋ ಸ್ಥಾನಕ್ಕೋ ‘ಕರ್ನಾಟಕದ ನಿವಾಸಿಯಾಗಿರಬೇಕು’ ಎಂಬ ಷರತ್ತು ಇದ್ದರೆ, ‘ನಾನು ಕನ್ನಡಿಗ’ ಎಂಬ ಒಂದೇ ಮಾತಿನಿಂದ ಅದನ್ನು ದಾಟಲಾಗದು. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದಲ್ಲಿ ಗಡಿನಾಡ ಕನ್ನಡಿಗರಿಗೆ ಒಂದು ಅವಕಾಶವಿದೆಯೆಂದು ಅನೇಕರು ಕೇಳಿರುತ್ತಾರೆ. ಆ ನಿಯಮ ಹೆಸರಿಸಿದ್ದು ಕಾಸರಗೋಡು, ಹೊಸದುರ್ಗ, ಮಂಜೇಶ್ವರ, ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲ್ಲೂಕುಗಳನ್ನು. ಧಾರಾಪುರಂ ಅದರಲ್ಲಿಲ್ಲ. ಆದ್ದರಿಂದ ಅರ್ಜಿ ಹಾಕುವ ಮುನ್ನ ಸಂಸ್ಥೆಗೆ ಎರಡು ಪ್ರಶ್ನೆಗಳನ್ನು ಲಿಖಿತವಾಗಿ ಕಳುಹಿಸಬೇಕು: ಹೊರರಾಜ್ಯದ ಕನ್ನಡಿಗನಿಗೆ ಪ್ರವೇಶವಿದೆಯೇ? ವಿದ್ಯಾರ್ಥಿವೇತನವಿದೆಯೇ? ಉತ್ತರವೂ ಲಿಖಿತವಾಗಿರಲಿ. ದೂರವಾಣಿಯಲ್ಲಿ ಬಂದ ಭರವಸೆ ಪ್ರವೇಶದ ದಿನ ಸಾಕ್ಷ್ಯವಾಗಿ ನಿಲ್ಲುವುದಿಲ್ಲ.

ಇದಕ್ಕಿಂತ ಹೆಚ್ಚಿನ ಎಚ್ಚರ ಬೇಕಾದದ್ದು ದೊಡ್ಡ ನಗರಗಳ ಖಾಸಗಿ ಅಭಿನಯ ತರಬೇತಿ ಕೇಂದ್ರಗಳ ವಿಷಯದಲ್ಲಿ. ‘ಡಿಪ್ಲೊಮಾ’ ಎಂಬ ಪದವನ್ನು ಯಾರು ಬೇಕಾದರೂ ಅಚ್ಚುಹಾಕಿಸಬಹುದು. ಪದವಿ ನೀಡುವುದಾಗಿ ಹೇಳಿದರೆ ಯಾವ ವಿಶ್ವವಿದ್ಯಾಲಯದ ಪದವಿ ಎಂದು ಕೇಳಬೇಕು. ವಿಶ್ವವಿದ್ಯಾಲಯಗಳೂ ಅವುಗಳ ಕಾಲೇಜುಗಳೂ ಮೂಲ ಪ್ರಮಾಣಪತ್ರಗಳನ್ನು ತಡೆಹಿಡಿಯಬಾರದೆಂದು, ನಿಗದಿತ ಅವಧಿಯೊಳಗೆ ಬಿಟ್ಟುಹೋದವರಿಗೆ ಶುಲ್ಕ ಮರಳಿಸಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ 2018ರಲ್ಲಿ ಸೂಚಿಸಿದೆ. ವಿಶ್ವವಿದ್ಯಾಲಯದ ಸಂಬಂಧವೇ ಇಲ್ಲದ ತರಬೇತಿ ಕೇಂದ್ರಕ್ಕೆ ಆ ಸೂಚನೆ ತಾಗುವುದಿಲ್ಲ. ಅಲ್ಲಿ ನಮ್ಮನ್ನು ಕಾಯುವುದು ನಾವು ಸಹಿ ಹಾಕಿದ ಕಾಗದ ಮಾತ್ರ. ‘ಚಿತ್ರದಲ್ಲಿ ಅವಕಾಶ ಕೊಡಿಸುತ್ತೇವೆ’ ಎಂಬ ಬಾಯಿಮಾತು ಆ ಕಾಗದದಲ್ಲಿ ಬರೆದಿದೆಯೇ ಎಂದು ನೋಡಿದರೆ ಸಾಕು, ಆ ಭರವಸೆಯ ಬೆಲೆ ತಿಳಿಯುತ್ತದೆ.

ಮೂರನೆಯದು ಹಣ. ಇಲ್ಲಿ ವಿದೇಶದ ಮಾತೂ ಬರುತ್ತದೆ. ತಿರುಪ್ಪೂರಿನ ವ್ಯಾಪಾರ ಬೆಳೆದಂತೆ ಮಕ್ಕಳನ್ನು ಲಂಡನ್ನಿಗೋ ನ್ಯೂಯಾರ್ಕಿಗೋ ಕಳುಹಿಸುವ ಶಕ್ತಿ ಕೆಲವು ಮನೆಗಳಿಗೆ ಬಂದಿದೆ. ಲಂಡನ್ನಿನಲ್ಲಿ 1904ರಲ್ಲಿ ಸ್ಥಾಪಿತವಾದ ರಾಡಾ ಎಂಬ ನಾಟಕ ಶಾಲೆ ಜಗತ್ಪ್ರಸಿದ್ಧ. ಅಲ್ಕಾಜಿಯವರು ಕಲಿತದ್ದು ಅಲ್ಲಿಯೇ. ಇಂಥ ಶಾಲೆಗಳು ಅಂಕಪಟ್ಟಿಗಿಂತ ಹೆಚ್ಚಾಗಿ ಅಭಿನಯ ಪರೀಕ್ಷೆಯನ್ನು ನಂಬುತ್ತವೆ. ಅಭ್ಯರ್ಥಿ ಸಾಮಾನ್ಯವಾಗಿ ಷೇಕ್ಸ್‌ಪಿಯರನ ಕಾಲದ ನಾಟಕದಿಂದ ಒಂದು ಭಾಗವನ್ನೂ ಆಧುನಿಕ ನಾಟಕದಿಂದ ಒಂದು ಭಾಗವನ್ನೂ ಇಂಗ್ಲಿಷಿನಲ್ಲಿ ಅಭಿನಯಿಸಬೇಕು. ಅಮೆರಿಕದ ಕಾಲೇಜುಗಳಲ್ಲಿ ಎರಡು ಬಗೆ: ಬಿ.ಎಫ್.ಎ. ಎಂಬುದು ದಿನದ ಬಹುಪಾಲು ಅಭಿನಯಕ್ಕೇ ಮೀಸಲಾದ ವೃತ್ತಿಪರ ಪದವಿ, ಬಿ.ಎ. ಎಂಬುದು ಸಾಹಿತ್ಯ, ಇತಿಹಾಸ ಮೊದಲಾದವುಗಳ ಜೊತೆಗೆ ರಂಗಭೂಮಿಯನ್ನೂ ಓದುವ ಪದವಿ. ಊರಿಗೆ ಮರಳಿ ಬೇರೆ ಉದ್ಯೋಗ ಹಿಡಿಯುವ ಸಾಧ್ಯತೆಯನ್ನೂ ಉಳಿಸಿಕೊಳ್ಳಬೇಕೆನ್ನುವವರಿಗೆ ಎರಡನೆಯದೇ ಕ್ಷೇಮ.

ಬಹುಮಂದಿ ಗಮನಿಸದ ಒಂದು ನಿಬಂಧನೆ ಇದೆ. ಬ್ರಿಟನ್ನಿನ ವಿದ್ಯಾರ್ಥಿ ವೀಸಾ ಪಡೆದವರು ಪದವಿ ಓದುತ್ತ ಪಾಠದ ದಿನಗಳಲ್ಲಿ ವಾರಕ್ಕೆ 20 ಗಂಟೆ ದುಡಿಯಬಹುದು. ಆದರೆ ವೃತ್ತಿಪರ ಮನೋರಂಜನೆಯ ಕೆಲಸ ಮಾಡುವಂತಿಲ್ಲ. ಅಂಗಡಿಯಲ್ಲಿ ಸಾಮಾನು ಕಟ್ಟಬಹುದು, ಸಂಬಳಕ್ಕೆ ಬಣ್ಣ ಹಚ್ಚುವಂತಿಲ್ಲ. ಅಮೆರಿಕದಲ್ಲಿಯೂ ಅನುಮತಿಯಿಲ್ಲದೆ ಕಾಲೇಜಿನ ಹೊರಗೆ ದುಡಿಯಲಾಗದು. ಪದವಿಯ ನಂತರ ದೊರೆಯುವ ಅನುಭವಾವಧಿ 12 ತಿಂಗಳು. ವಿಜ್ಞಾನ ಮತ್ತು ತಂತ್ರಜ್ಞಾನದವರಿಗೆ ಇರುವ ವಿಸ್ತರಣೆ ಅಭಿನಯದ ಪದವೀಧರರಿಗಿಲ್ಲ. ಎಂದರೆ ನಟನೆಯಿಂದ ದುಡಿದು ಸಾಲ ತೀರಿಸುವ ಲೆಕ್ಕ ಅಲ್ಲಿ ಕೂಡುವುದಿಲ್ಲ. ನಮ್ಮ ಬ್ಯಾಂಕುಗಳೋ 7.5 ಲಕ್ಷ ರೂಪಾಯಿ ಮೀರಿದ ವಿದ್ಯಾಸಾಲಕ್ಕೆ ಆಸ್ತಿಯ ಭದ್ರತೆ ಕೇಳುವುದು ವಾಡಿಕೆ. ಮನೆಯ ಪತ್ರವನ್ನೋ ತೋಟದ ಪತ್ರವನ್ನೋ ಬ್ಯಾಂಕಿನಲ್ಲಿಟ್ಟು, ವರಮಾನ ನಿಶ್ಚಿತವಲ್ಲದ ವೃತ್ತಿಗೆ ಹದಿನೆಂಟರ ವಯಸ್ಸಿನವರನ್ನು ಕಳುಹಿಸುವುದು ಆ ಮಗುವಿನ ಹೆಗಲ ಮೇಲೆ ಕಲೆಯ ಹೊರೆಯ ಜೊತೆಗೆ ಋಣದ ಹೊರೆಯನ್ನೂ ಹೊರಿಸಿದಂತೆ.

ಹಾಗಾದರೆ ವಿದೇಶ ಬೇಡವೇ? ಬೇಕಾಗಬಹುದು; ಪ್ರಶ್ನೆ ಯಾವಾಗ ಎಂಬುದು. ಕನ್ನಡದ ಹಿರಿಯರು ನಡೆದ ದಾರಿ ಇಲ್ಲಿ ಪಾಠ ಹೇಳುತ್ತದೆ. ಕಾರಂತರು ಬಾಲಕರಾಗಿ ಗುಬ್ಬಿ ಕಂಪೆನಿ ಸೇರಿದರು. ವೀರಣ್ಣನವರೇ ಅವರನ್ನು ಬನಾರಸಿಗೆ ಓದಲು ಕಳುಹಿಸಿದರು. ಸ್ನಾತಕೋತ್ತರ ಪದವಿಯ ನಂತರ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು 1962ರಲ್ಲಿ ಹೊರಬಂದರು. ಕೆ. ವಿ. ಅಕ್ಷರ ಅವರು ಹೆಗ್ಗೋಡಿನಲ್ಲಿ ಬೆಳೆದು, ದಿಲ್ಲಿಯಲ್ಲಿ ಕಲಿತು, ಆಮೇಲೆ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯಕ್ಕೆ ಹೋಗಿ, ಮತ್ತೆ ಹೆಗ್ಗೋಡಿಗೇ ಮರಳಿದರು. ಇಬ್ಬರೂ ತಮ್ಮ ಭಾಷೆಯ ರಂಗಭೂಮಿಯಲ್ಲಿ ಬೇರೂರಿದ ಮೇಲೆ ದೂರ ಹೋದವರು. ಹೋದಲ್ಲಿ ಏನನ್ನು ಕಲಿಯಬೇಕು, ಏನನ್ನು ಬಿಡಬೇಕು ಎಂಬ ವಿವೇಕ ಅವರಿಗೆ ಅದರಿಂದಲೇ ಬಂದಿರಬೇಕು.

ಇದೆಲ್ಲವನ್ನೂ ತೂಗಿದರೆ ನಮ್ಮ ಭಾಗದ ವಿದ್ಯಾರ್ಥಿಗೆ ಸೂಚಿಸಬಹುದಾದ ಕ್ರಮ ಹೀಗಿದೆ. ಹನ್ನೆರಡನೆಯ ತರಗತಿಯ ನಂತರ ಕೊಯಮತ್ತೂರಿನಲ್ಲೋ ತಿರುಪ್ಪೂರಿನಲ್ಲೋ ಯಾವುದಾದರೂ ಪದವಿಗೆ ಸೇರಬೇಕು. ಆ ಮೂರು ವರ್ಷಗಳಲ್ಲಿ ಕನ್ನಡ ಅಕ್ಷರವನ್ನು ಗಟ್ಟಿ ಮಾಡಿಕೊಳ್ಳಬೇಕು, ಸಿಕ್ಕ ನಾಟಕಗಳಲ್ಲೆಲ್ಲ ಪಾಲ್ಗೊಳ್ಳಬೇಕು, ಪ್ರತಿ ನಾಟಕದ ಕರಪತ್ರವನ್ನೂ ಛಾಯಾಚಿತ್ರವನ್ನೂ ಜೋಪಾನ ಮಾಡಬೇಕು. ಆರು ನಾಟಕಗಳ ಅನುಭವಕ್ಕೆ ಮುಂದೆ ಅವೇ ದಾಖಲೆ. ಆನಂತರ ಹೆಗ್ಗೋಡು, ಮೈಸೂರು ಅಥವಾ ಬೆಂಗಳೂರಿನಲ್ಲಿ ಒಂದು ವರ್ಷದ ಶಿಕ್ಷಣ. ಆ ವರ್ಷ ಕಳೆದ ಮೇಲೂ ಹಂಬಲ ಆರದಿದ್ದರೆ ದಿಲ್ಲಿ ಅಥವಾ ಪುಣೆ. ಅದರ ಮುಂದಿನ ಮೆಟ್ಟಿಲಾಗಿ, ವಿದ್ಯಾರ್ಥಿವೇತನ ದೊರೆತರೆ, ವಿದೇಶದ ಸ್ನಾತಕೋತ್ತರ ಶಿಕ್ಷಣ. ಈ ಕ್ರಮದಲ್ಲಿ ಪ್ರತಿ ಹಂತದಲ್ಲೂ ಹಿಂತಿರುಗಲು ದಾರಿಯಿದೆ, ಕೈಯಲ್ಲಿ ಒಂದು ಪದವಿಯಿದೆ, ಮನೆಯ ಪತ್ರ ಮನೆಯಲ್ಲೇ ಇರುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಪಾಲಕರ ಹಿಂಜರಿಕೆ ಇನ್ನೂ ಹೆಚ್ಚು. ಅವರಿಗೆ ಹೇಳಬೇಕಾದದ್ದು ಇಷ್ಟೇ: ಸೇರುವ ಮುನ್ನ ಒಮ್ಮೆ ಮಗಳೊಂದಿಗೆ ಹೋಗಿ ಶಾಲೆಯನ್ನೂ ವಸತಿಯನ್ನೂ ನೋಡಿ ಬನ್ನಿ, ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಆಂತರಿಕ ಸಮಿತಿಯ ಸದಸ್ಯರು ಯಾರೆಂದು ಕೇಳಿ. 2013ರ ಕಾನೂನು ಶಿಕ್ಷಣ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ಈ ಪ್ರಶ್ನೆಗೆ ಮುಜುಗರಪಡದೆ ಉತ್ತರಿಸುವ ಸಂಸ್ಥೆಯನ್ನು ನಂಬಬಹುದು. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀಯವರು ದಿಲ್ಲಿಯ ನಾಟಕ ಶಾಲೆಯಲ್ಲಿ ಕಲಿತು ಬಂದು ಕನ್ನಡ ರಂಗಭೂಮಿಯಲ್ಲಿ ತಂಡ ಕಟ್ಟಿ ನಡೆಸಿದ್ದು ಎಪ್ಪತ್ತರ ದಶಕದಲ್ಲಿ. ಅರ್ಧ ಶತಮಾನದ ಹಿಂದೆ ಸಾಧ್ಯವಾದದ್ದು ಇಂದಿನ ನಮ್ಮ ಹೆಣ್ಣುಮಕ್ಕಳಿಗೆ ಅಸಾಧ್ಯವಾಗಬೇಕಾಗಿಲ್ಲ.

ಮನೆಯಲ್ಲಿ ಮಾತ್ರ ಉಳಿದ ಭಾಷೆ ತಲೆಮಾರಿನಿಂದ ತಲೆಮಾರಿಗೆ ಸವೆಯುತ್ತ ಹೋಗುತ್ತದೆ. ರಂಗದ ಮೇಲೆ ಗಟ್ಟಿಯಾಗಿ ನುಡಿದ ಭಾಷೆಗೆ ಹಾಗಾಗುವುದಿಲ್ಲ. ನಮ್ಮ ಊರಿನ ಒಬ್ಬ ಹುಡುಗನೋ ಹುಡುಗಿಯೋ ಕಲಿತು ಬಂದು ಅಮರಾವತಿಯ ದಂಡೆಯಲ್ಲಿ ನಮ್ಮದೇ ಕನ್ನಡದಲ್ಲಿ ಒಂದು ನಾಟಕವಾಡಿಸಿದರೆ, ಅದರ ಲಾಭ ಅವರೊಬ್ಬರ ಬದುಕಿಗಷ್ಟೇ ಸಲ್ಲುವುದಿಲ್ಲ. ಹಾಗಾಗಿ ಮಗುವಿನ ಬಾಯಿಂದ ಆ ಮಾತು ಬಂದ ದಿನ ಪಾಲಕರು ‘ಬೇಡ’ ಎನ್ನುವ ಮೊದಲು, ಮೇಲೆ ಹೇಳಿದ ಶಾಲೆಗಳಿಗೆ ಪತ್ರ ಬರೆದು ಪ್ರವೇಶದ ನಿಯಮಗಳನ್ನು ತರಿಸಿಕೊಂಡು, ಮಗುವಿನೊಂದಿಗೆ ಕುಳಿತು ಓದಲಿ.