ಮಗುವಿನ ಮಾತು ನಂಬಲು ಹಿಡಿದ ನೂರು ವರ್ಷ

ವಿಯೆನ್ನಾ, 1896ರ ಏಪ್ರಿಲ್ 21. ಹಿಸ್ಟೀರಿಯಾ ಎಂದು ತಮ್ಮ ಬಳಿ ಬಂದಿದ್ದ 18 ರೋಗಿಗಳ ಕಾಯಿಲೆಯ ಬೇರು ಬಾಲ್ಯದ ಲೈಂಗಿಕ ದೌರ್ಜನ್ಯದಲ್ಲಿದೆ ಎಂದು ಸಿಗ್ಮಂಡ್ ಫ್ರಾಯ್ಡ್ ವೈದ್ಯರ ಸಭೆಯಲ್ಲಿ ವಾದಿಸಿದರು. ಅಧ್ಯಕ್ಷರಾಗಿದ್ದ ಕ್ರಾಫ್ಟ್-ಎಬಿಂಗ್ ಅದನ್ನು ವಿಜ್ಞಾನದ ವೇಷ ತೊಟ್ಟ ಕಟ್ಟುಕಥೆ ಎಂಬಂತೆ ತಳ್ಳಿಹಾಕಿದರು. ಮರುವರ್ಷ ಫ್ರಾಯ್ಡ್ ಕೂಡ ಆ ವಾದದಿಂದ ಹಿಂದೆ ಸರಿದರು.

1932ರಲ್ಲಿ ಹಂಗೇರಿಯ ಮನೋವಿಶ್ಲೇಷಕ ಶಾಂಡೋರ್ ಫೆರೆಂಟ್ಸಿ ಮತ್ತೆ ಆ ಮಾತೆತ್ತಿದರು. ದಿಕ್ಕುತೋಚದಷ್ಟು ಹೆದರಿದ ಮಗು ಹಿಂಸಿಸಿದವರಿಗೇ ಶರಣಾಗುತ್ತದೆ, ಅವರ ತಪ್ಪನ್ನೂ ತನ್ನದೇ ಎಂದು ಹೊತ್ತುಕೊಳ್ಳುತ್ತದೆ ಎಂದರು. ಎಂಥ ಒಳನೋಟ! ಅದನ್ನು ಪ್ರಕಟಿಸಬೇಡಿ ಎಂದವರು ಫ್ರಾಯ್ಡ್ ಅವರೇ.

1975ರಲ್ಲೂ ಅಮೆರಿಕದ ಹೆಸರಾಂತ ಮನೋವೈದ್ಯಕೀಯ ಪಠ್ಯವೊಂದು ಕುಟುಂಬದೊಳಗಿನ ಇಂಥ ಕೃತ್ಯ ಹತ್ತು ಲಕ್ಷಕ್ಕೊಂದು ಎಂದಿತ್ತು. ಹಾಗೆ ಓದಿಕೊಂಡ ವೈದ್ಯರು ಎದುರು ಕೂತವರನ್ನು ಮನೆಯಲ್ಲಿ ದೌರ್ಜನ್ಯ ನಡೆದಿತ್ತೇ ಎಂದು ಕೇಳುವುದಾದರೂ ಏಕೆ?

ಬದಲಾವಣೆ ಬಂದದ್ದು ಮಹಿಳಾ ಚಳವಳಿಯಿಂದ. ಹೆಂಗಸರು ಒಟ್ಟಿಗೆ ಕೂತು ಬಾಯಿಬಿಟ್ಟಾಗ ಸಂಶೋಧಕರಿಗೂ ಕೇಳಿಸಿತು. ಬಾಸ್ಟನ್ ಬಳಿಯ ಮನೋವೈದ್ಯೆ ಜುಡಿತ್ ಹರ್ಮನ್, ತಂದೆಯಿಂದಲೇ ದೌರ್ಜನ್ಯಕ್ಕೊಳಗಾದ 40 ಮಹಿಳೆಯರ ಮಾತುಗಳನ್ನಿಟ್ಟುಕೊಂಡು 1981ರಲ್ಲಿ ಪುಸ್ತಕ ಬರೆದರು. 1992ರ ಅವರ ಇನ್ನೊಂದು ಕೃತಿ ಚೇತರಿಕೆಗೆ ಮೂರು ಹಂತ ಗುರುತಿಸಿತು: ಸುರಕ್ಷತೆ, ನೆನೆದು ದುಃಖಿಸುವುದು, ಮತ್ತೆ ಜನರೊಡನೆ ಬೆರೆಯುವುದು. ಮೊದಲ ಹಂತ ನೋಡಲು ಸಾಧಾರಣ. ನಿದ್ದೆ ಬರಬೇಕು, ಊಟ ಸೇರಬೇಕು, ಇರುವ ಮನೆಯಲ್ಲಿ ಭಯವಿರಬಾರದು. ಇಷ್ಟಾಗದೆ ನೆನಪು ಕೆದಕಿದರೆ ಗಾಯ ಹೆಚ್ಚಬಹುದು. ಯಾವ ಹಂತದಲ್ಲೂ ತೀರ್ಮಾನ ನೊಂದವರ ಕೈಯಲ್ಲೇ ಇರಬೇಕು ಎಂಬುದು ಹರ್ಮನ್ ಪಟ್ಟು. ದೌರ್ಜನ್ಯ ಕಸಿದುಕೊಂಡದ್ದೇ ಆ ಅಧಿಕಾರವನ್ನಲ್ಲವೇ?

ಅದೇ ದಶಕದಲ್ಲಿ, ನಡೆಯದ್ದೂ ನೆನಪಾಗಿ ಕೂರಬಲ್ಲದು ಎಂದು ಮನೋವಿಜ್ಞಾನಿ ಎಲಿಜಬೆತ್ ಲಾಫ್ಟಸ್ ಪ್ರಯೋಗಗಳಿಂದ ತೋರಿಸಿದರು. ಇದನ್ನು ನೊಂದವರ ವಿರುದ್ಧ ಬಳಸಿದವರಿದ್ದಾರೆ, ಅದು ಅನ್ಯಾಯ. ಆದರೆ ರೋಗಿಯ ಬಾಯಿಗೆ ಮಾತು ತುರುಕಬಾರದೆಂಬ ಎಚ್ಚರ ಚಿಕಿತ್ಸಕರಿಗೆ ಬೇಕೇ ಇತ್ತು.

ಇಂದು ಮಕ್ಕಳಿಗೆ ಹೆಚ್ಚು ಪುರಾವೆಯಿರುವ ಚಿಕಿತ್ಸೆಗಳಲ್ಲೊಂದು ಆಘಾತ ಕೇಂದ್ರಿತ ಅರಿವು-ವರ್ತನಾ ಚಿಕಿತ್ಸೆ. ಮಗು ಮೊದಲು ಉಸಿರಾಟ ಹತೋಟಿಗೆ ತರಲು, ಭಾವನೆಗೆ ಹೆಸರಿಡಲು ಕಲಿಯುತ್ತದೆ. ಆಮೇಲೆ ನಡೆದದ್ದನ್ನು ಬರೆದೋ ಬಿಡಿಸಿಯೋ ಸ್ವಲ್ಪಸ್ವಲ್ಪವಾಗಿ ಹೇಳುತ್ತದೆ. ಕೃತ್ಯದಲ್ಲಿ ಪಾಲಿಲ್ಲದ ಅಪ್ಪನಿಗೋ ಅಮ್ಮನಿಗೋ ಅದೇ ಅವಧಿಯಲ್ಲಿ ಬೇರೆ ತರಬೇತಿ ನಡೆಯುತ್ತದೆ. ಮಗು ಹೇಳುವಾಗ ಗಾಬರಿಯಾಗದೆ, ಗದರದೆ, ನಡುವೆ ಬಾಯಿಹಾಕದೆ ಪೂರ್ತಿ ಕೇಳುವುದನ್ನು ಅವರೂ ಅಭ್ಯಾಸ ಮಾಡುತ್ತಾರೆ.